ಶುಕ್ರವಾರ ಹುಳಿ ಕೊಡುವುದಿಲ್ಲ

ಕಾರ್ತಿಕದ ಒಂದು ಶುಕ್ರವಾರ, ಬೆಳಿಗ್ಗೆ ಆರೂವರೆ. ಮಾಲೂರಿನ ನಮ್ಮ ಅಡುಗೆಮನೆಯಲ್ಲಿದ್ದವರು ಮೂವರು: ನಾನು, ನನ್ನ ಹೆಂಡತಿ ಮತ್ತು ನನ್ನ ಅಣ್ಣನ ಹೆಂಡತಿ. ದಾಯಾದಿಯೊಬ್ಬರ ಸಾವಿನ ಸೂತಕ ಹಿಂದಿನ ದಿನವಷ್ಟೇ ಕಳೆದಿತ್ತು. ಮನೆ ತೊಳೆಯಲು ಬಂದ ಅತ್ತಿಗೆ, ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಂಬಲಿಯ ಮಡಕೆಯನ್ನು ಹಿತ್ತಲಿನಲ್ಲಿ ಒಡೆದು ಹಾಕಿದ್ದರು.

“ಸೂತಕ ಆದ್ಮೇಲೆ ಹಳೇ ಮಡಕೆ ಇಟ್ಕೊಂತಾರೇನಪ್ಪಾ? ಅದರ ವಾಸನೆ ಬೇರೆ!” ಎಂದರು.

ಹೆಂಡತಿ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಅವಳಿಗೆ ಮೂತ್ರದ ಸೋಂಕು ಬಿಟ್ಟು ಬಿಟ್ಟು ಬಂದು, ಹಿಂದಿನ ವರ್ಷವೆಲ್ಲ ಆ್ಯಂಟಿಬಯಾಟಿಕ್ ನುಂಗಿದ್ದೇ ಆಯಿತು. ಸೋಂಕು ಹೋಯಿತು; ಹೊಟ್ಟೆ ಕೆಟ್ಟಿತು. ಮೊದಲೇ ಇದ್ದ ಸಕ್ಕರೆ ಕಾಯಿಲೆ ಹತೋಟಿಗೆ ಬರಲಿಲ್ಲ. ಜೊತೆಗೆ ಸ್ವಭಾವವೂ ಬದಲಾಯಿತು. ಎದುರಿಗಿಟ್ಟ ತಟ್ಟೆಯನ್ನು ತಳ್ಳುವಳು, ಕಾರಣವಿಲ್ಲದೆ ಅಳುವಳು. ಕೋಲಾರದ ವೈದ್ಯರು ಬಿಡಿಸಿ ಹೇಳಿದರು: ಮಾತ್ರೆಗೆ ಕೆಟ್ಟ ಕ್ರಿಮಿಗಳ ಜೊತೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ; ಸಕ್ಕರೆಯ ಏರಿಳಿತದಲ್ಲಿ ಅವುಗಳ ಪಾಲಿದೆ, ಮಿದುಳಿಗೂ ಅವುಗಳಿಂದ ಸುದ್ದಿ ಮುಟ್ಟುತ್ತದೆ. ಇವಳ ವಿಷಯದಲ್ಲಿ ಅದು ಎಷ್ಟು ಎಂದು ಅವರೂ ಖಚಿತವಾಗಿ ಹೇಳಲಿಲ್ಲ. ಸಕ್ಕರೆ ಮಾತ್ರೆ ಬಿಡಬೇಡಿ, ಕಾಳು, ಸೊಪ್ಪು, ರಾಗಿ ಕೊಡಿ, ಒಗ್ಗಿದರೆ ಹುಳಿ ಬಂದ ಅಂಬಲಿಯನ್ನೂ ಕೊಡಿ ಎಂದರು.

ಲಕ್ಕೂರಿನ ತವರುಮನೆಯಿಂದ ಅವಳೇ ಅಂಬಲಿಯ ಹುಳಿ, ಎಂದರೆ ಹೆಪ್ಪು, ತಂದಳು. ನಿನ್ನೆಯ ಅಂಬಲಿಯನ್ನು ತಳದಲ್ಲಿ ಸ್ವಲ್ಪ ಉಳಿಸಿ, ಇವತ್ತಿನ ಗಂಜಿ ಆರಿದ ಮೇಲೆ ಅದಕ್ಕೆ ಸೇರಿಸುವುದು. ಮಡಕೆಯನ್ನು ತೊಳೆಯದೆ ಹಾಗೇ ನಡೆಸಿಕೊಂಡು ಬರುವುದು. ಅವಳ ಅಜ್ಜಿಯ ಕಾಲದಿಂದ ಆ ಮನೆಯಲ್ಲಿ ಹುಳಿ ತಪ್ಪಿಲ್ಲ. ನಾನು ವಸತಿಶಾಲೆಯ ವಾರ್ಡನ್ ಆಗಿದ್ದವನು, ತೊಳೆಯದ ಪಾತ್ರೆ ಕಂಡರೆ ಆಗುವುದಿಲ್ಲ, ಆದರೂ ಸುಮ್ಮನಿದ್ದೆ. ಕ್ರಮೇಣ ಅವಳ ಹೊಟ್ಟೆ ಸುಧಾರಿಸಿತು. ಒಂದು ಬೆಳಿಗ್ಗೆ, “ರೀ, ಗಂಟೆ ಹೊಡೀರಿ, ಊಟಕ್ಕೆ ಲೈನ್ ನಿಂತ್ಕೊಂತೀನಿ” ಎಂದು ನನ್ನನ್ನು ಆಡಿಕೊಂಡಳು. ಹಾಗೆ ಆಡಿಕೊಂಡು ಎಷ್ಟೋ ಕಾಲವಾಗಿತ್ತು.

ಅದೇ ಮಡಕೆ ಈಗ ಹಿತ್ತಲಿನಲ್ಲಿ ಚೂರಾಗಿ ಬಿದ್ದಿತ್ತು. ಬೆಳಗಿನ ತಿಂಡಿಯನ್ನು ಅವಳು ಮುಟ್ಟಲಿಲ್ಲ. ನಾನು ಲಕ್ಕೂರಿನ ಬಸ್ಸು ಹತ್ತಿದೆ.

ಅವಳ ತಮ್ಮನ ಹೆಂಡತಿ ಬಾಗಿಲಲ್ಲೇ ಕುರ್ಚಿ ಹಾಕಿ ಕಾಫಿ ಕೊಟ್ಟಳು. ಹುಳಿ ಕೇಳಿದೆ.

“ಅಯ್ಯೋ, ಇವತ್ತು ಶುಕ್ರವಾರ ಅಲ್ವೇನಣ್ಣಾ? ಮನೆಯಿಂದ ಹುಳಿ ಆಚೆ ಹೋದ್ರೆ ಲಕ್ಷ್ಮೀನೂ ಹೋಗ್ತಾಳೆ ಅಂತಾರೆ. ನಾಳೆ ಬನ್ನಿ.”

“ಹೊರಗಿನವರಿಗಲ್ಲಮ್ಮ, ಈ ಮನೇಲೇ ಹುಟ್ಟಿದವಳಿಗೆ. ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”

“ಹೆಣ್ಮಕ್ಕಳಿಗೆ ಕೊಟ್ರೆ ಲಕ್ಷ್ಮಿ ಅವರ ಹಿಂದೇನೇ ಹೋಗ್ಬಿಡ್ತಾಳಂತೆ ಅಣ್ಣಾ. ಬಿಸ್ಕತ್ ತಗೊಳ್ಳಿ.”

ನನ್ನ ಹೆಂಡತಿಯ ತಮ್ಮ ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದ. ತಲೆ ಎತ್ತಲಿಲ್ಲ. ಅಕ್ಕ ಹೇಗಿದ್ದಾಳೆ ಎಂದೂ ಕೇಳಲಿಲ್ಲ. ಅಂಬಲಿಯ ಮಡಕೆ ನಾನು ಕೂತಲ್ಲಿಂದಲೇ ಕಾಣುತ್ತಿತ್ತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮಾಲೂರಿನಲ್ಲಿ ಇಳಿದು ಹೊಸ ಮಡಕೆ ಕೊಂಡೆ. ಮನೆಗೆ ಬಂದಾಗ ಸಂಜೆಯಾಗಿತ್ತು, ಅವಳು ಎದ್ದು ಕೂತಿದ್ದಳು.

“ಕೊಡ್ಲಿಲ್ಲ ತಾನೇ?”

“ಶುಕ್ರವಾರವಂತೆ.”

“ನನ್ನ ಮದುವೆ ಆದಾಗಿಂದ ಆ ಮನೇಲಿ ದಿನಾ ಶುಕ್ರವಾರವೇ. ನಾಳೆ ಹೋದ್ರೆ ನನ್ನಾಣೆ.”

ಒಲೆ ಹಚ್ಚಿ ರಾಗಿ ಹಿಟ್ಟು ಕಲಸಿದೆ. ಅವಳು ಬಾಗಿಲಿಗೆ ಒರಗಿ ನೋಡಿದಳು. “ನೀರು ಜಾಸ್ತಿ ಆಯ್ತು. ಇದೇನು ಹಾಸ್ಟೆಲ್ ಸಾರಾ?” ಎಂದಳು, ನಗಲಿಲ್ಲ. ಹೆಪ್ಪಿಲ್ಲದೆ ತಾನಾಗಿ ಹುಳಿ ಬರಲು ಕೆಲವು ದಿನ ಬೇಕು. ಬಂದರೂ ಅದು ಅವಳ ಅಜ್ಜಿಯ ಹುಳಿಯಲ್ಲ, ಅವಳ ಹೊಟ್ಟೆಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ಅಲ್ಲಿಯವರೆಗೆ ತಟ್ಟೆ ತಳ್ಳುವುದು, ಅಳುವುದು ಮತ್ತೆ ಶುರುವಾದರೆ ನಾನೇ ನೋಡಿಕೊಳ್ಳಬೇಕು.

ಗಂಜಿ ಆರಿದ ಮೇಲೆ ಮಡಕೆಗೆ ಸುರಿದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಒಲೆಯ ಪಕ್ಕ ಬೆಚ್ಚಗಿರುವ ಮೂಲೆಯಲ್ಲಿಟ್ಟೆ. ಹಿತ್ತಲಿನ ಚೂರುಗಳನ್ನು ಗುಡಿಸಿ ಎತ್ತಿ ಹಾಕಿದೆ. ಕೈ ತೊಳೆದುಕೊಂಡು ಅಡುಗೆಮನೆಯ ದೀಪ ಆರಿಸಿದೆ.