ಕೊನೆಯ ಸ್ನಾನ

ಎಡ್ಮಿಶನ್ ಕೌಂಟರಿನಲ್ಲಿ ಕುಳಿತು ಬಂದವರ ಮೇಲೆಲ್ಲ ರೇಗುತ್ತಿದ್ದ ನನ್ನನ್ನು ಮದರ್ ಯಾಕೆ ಆರಿಸಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಉರ್ವದ ನಮ್ಮ ಮನೆಯಿಂದ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಕೆಥೊಲಿಕ್ ಸಿಸ್ಟರುಗಳು ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಅದು. ಮದರ್ ಅವರಲ್ಲಿ ಹಿರಿಯವರು, ಬಂದರ್ ಕಡೆಯ ಕೊಂಕಣಿ ಮನೆಯ ಮಗಳು. ನಾನು ದೇವಸ್ಥಾನದ ಭಟ್ಟರ ಮಗಳು.

ಎಳೆಯ ಸಿಸ್ಟರುಗಳನ್ನೆಲ್ಲ ಉತ್ತರದ ಮಿಶನ್ನುಗಳಿಗೆ ಕಳುಹಿಸುತ್ತಿದ್ದರು. ಇಲ್ಲಿ ಉಳಿದವರು ಮಂಡಿನೋವಿನ ಮುದುಕಿಯರು. ಇನ್ನು ಮುಂದೆ ಆಸ್ಪತ್ರೆಯನ್ನು ನಮ್ಮಂಥ ಸಂಸಾರಸ್ಥರೇ ನಡೆಸಬೇಕೆಂದು ಮದರ್ ಕೆಲವರನ್ನು ಆರಿಸಿ ಶನಿವಾರ ಮಧ್ಯಾಹ್ನ ಕಾನ್ವೆಂಟಿನ ಚಾವಡಿಯಲ್ಲಿ ಕ್ಲಾಸು ಶುರು ಮಾಡಿದರು. ಚಹಾ, ಬಾಳೆಹಣ್ಣು, ಸಿಸ್ಟರುಗಳ ಧರ್ಮದ ಒಂದು ದಪ್ಪ ಪುಸ್ತಕ. ನನಗೆ ನಿದ್ದೆಯೇ ಬರುತ್ತಿತ್ತು.

"ನನ್ನನ್ನು ಕಿರಿಸ್ತಾನಿ ಮಾಡುವ ಯೋಚನೆ ಉಂಟಾ ಮದರ್?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ನಿನ್ನನ್ನಾ? ನಿನ್ನ ಬಾಯಿಗೆ ಹೆದರಿ ನಮ್ಮ ದೇವರು ಓಡಿಹೋಗ್ತಾನೆ ಮಾರಾಯ್ತಿ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಾವು ಹೋದ ಮೇಲೂ ಕಟ್ಟಡ ಇರ್ತದೆ, ಬೋರ್ಡೂ ಇರ್ತದೆ. ಒಳಗೆ ಆಸ್ಪತ್ರೆ ಉಳಿತದಾ, ಅಂಗಡಿ ಆಗ್ತದಾ? ನನಗೆ ಅದೇ ಹೆದರಿಕೆ," ಎಂದರು. ಪುಸ್ತಕ ಮುಚ್ಚಿ ನಮ್ಮನ್ನು ವಾರ್ಡಿಗೆ ಕರೆದುಕೊಂಡು ಹೋದರು.

ಆ ಆಸ್ಪತ್ರೆಯಲ್ಲಿ ಒಂದು ಕ್ರಮವಿತ್ತು. ಯಾರೂ ಇಲ್ಲದವರು ಸತ್ತರೆ ಹೆಣವನ್ನು ಆಳುಗಳ ಕೈಗೆ ಬಿಡುವ ಹಾಗಿಲ್ಲ. ಹಿರಿಯ ಸ್ಥಾನದಲ್ಲಿ ಇರುವವರೇ ತಮ್ಮ ಕೈಯಾರೆ ಸ್ನಾನ ಮಾಡಿಸಿ, ಒಗೆದ ಬಟ್ಟೆ ಉಡಿಸಿ ಕಳುಹಿಸಬೇಕು. ನೀರು ಬಿಸಿಯಾಗಿಯೇ ಇರಬೇಕು. "ತಣ್ಣೀರು ನೆಲ ತೊಳೆಯಲಿಕ್ಕೆ," ಎನ್ನುತ್ತಿದ್ದರು ಮದರ್. ಆ ದಿನ ಸತ್ತವನು ಬಂದರಿನಲ್ಲಿ ಮೂಟೆ ಹೊರುತ್ತಿದ್ದವ. ಮದರ್ ಅವನ ಹೆಸರು ಹಿಡಿದು ಕರೆದು, "ಈಗ ಕೈ ಎತ್ತುತ್ತೇನೆ ಹಾಂ, ಈಗ ತಲೆಗೆ ನೀರು," ಎಂದು ಎಲ್ಲವನ್ನೂ ಹೇಳಿ ಹೇಳಿಯೇ ಮಾಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಮೂಗಿಗೆ ಸೆರಗು ಹಿಡಿದಿದ್ದೆ.

"ಎಂತ, ಅಸಹ್ಯ ಆಗ್ತದಾ? ನಿನ್ನ ಅಪ್ಪ ದಿನಾ ಬೆಳಿಗ್ಗೆ ದೇವರಿಗೆ ಸ್ನಾನ ಮಾಡಿಸ್ತಾರಲ್ಲ. ಇದೂ ಅದೇ ಕೆಲಸ. ಪ್ರಾರ್ಥನೆ ನಿನಗೆ ಗೊತ್ತಿರುವುದನ್ನೇ ಹೇಳು. ಆದರೆ ತಂಬಿಗೆ ನೀನು ಹಿಡಿಯಬೇಕು."

ಹಿಡಿದೆ.

ಮನೆಯಲ್ಲಿ ರಂಪವಾಯಿತು. "ಹೆಣಕ್ಕೆ ಬಿಸಿನೀರು ಬೇರೆ ಕೇಡು!" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಅಂಥ ಕೆಲಸ ಮಾಡಿ ಬಂದ ದಿನ ನಾನು ಹಿತ್ತಲ ಬಾಗಿಲಿನಿಂದ ಬಂದರೆ ಬಚ್ಚಲ ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಬೆಂಕಿ ಹಾಕುತ್ತಿದ್ದವರು ಅಪ್ಪ.

ಊರಿನ ಬಾಯಿ ಸುಮ್ಮನಿರುತ್ತದೆಯೇ? ಸುದ್ದಿ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರಿಗೆ ಮುಟ್ಟಿತು. ದೊಡ್ಡ ಗುತ್ತಿನ ಮನೆಯ ಜಮೀನ್ದಾರರು, ಪೇಟೆಯಲ್ಲಿ ಹೋಟೆಲು ಇಟ್ಟವರು. ಎಲ್ಲರೂ ಅವರನ್ನು ಕರೆಯುವುದು ದಣಿಗಳು ಎಂದೇ. ಒಂದು ಬೆಳಿಗ್ಗೆ ಪೂಜೆ ಮುಗಿಸಿದ ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ, ಹತ್ತು ಜನರ ಎದುರು ಹೇಳಿದರಂತೆ: "ಮಗಳು ಹೆಣ ತೊಳೆಯುವುದು, ಅಪ್ಪ ನೈವೇದ್ಯ ಇಡುವುದು. ಇದು ನಡೆಯುವುದಿಲ್ಲ ಭಟ್ರೇ. ನಾಳೆಯಿಂದ ಬೇರೆಯವರು ಬರ್ತಾರೆ."

ಅಜ್ಜನ ಕಾಲದಿಂದ ಬಂದ ಪೂಜೆ. ಅಪ್ಪ ಮನೆಗೆ ಬಂದು ಪಟ್ಟೆಮಡಿ ಬಿಚ್ಚಿ ಮಡಚಿಟ್ಟು, ಜಗಲಿಯಲ್ಲಿ ಕುಳಿತರು. ನಾನು ಕೆಲಸ ಬಿಡುತ್ತೇನೆ ಎಂದೆ. "ಬಿಟ್ಟರೆ ಅವರು ಹೇಳಿದ್ದು ಸರಿ ಅಂತ ಆಗ್ತದೆ. ಹೋಗು, ಬಸ್ಸು ತಪ್ತದೆ," ಎಂದರು. ಆ ಮೇಲೆ ಸತ್ಯನಾರಾಯಣ ಪೂಜೆಗೂ ಜನ ಅವರನ್ನು ಕರೆಯುವುದು ಕಡಿಮೆಯಾಯಿತು. ದಣಿಗಳ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮನುಷ್ಯ ಹಾಳಾಗಿ ಹೋಗಲಿ ಎಂದು ಬಾಯಿಬಿಟ್ಟೇ ಶಪಿಸಿದ್ದೇನೆ.

ಮದರ್ ಎಂಬತ್ತರ ದಶಕದ ಆರಂಭದಲ್ಲಿ ದೂರದ ಊರಿನ ವಿಶ್ರಾಂತಿ ಮನೆಗೆ ಹೋದರು. ಅವರ ಕುರ್ಚಿಗೆ ನಾನು ಬಂದೆ. ಶನಿವಾರದ ಕ್ಲಾಸಿನಲ್ಲಿ ನನ್ನ ಪಕ್ಕ ಕುಳಿತುಕೊಳ್ಳುತ್ತಿದ್ದ ಕೊಂಕಣಿ ನರ್ಸ್ ಮೇಟ್ರನ್ ಆದಳು. ಹೆಣದ ಸ್ನಾನದ ಆ ಕ್ರಮವನ್ನು ನಾವಿಬ್ಬರೇ ನಡೆಸಿಕೊಂಡು ಬಂದೆವು. ಆಸ್ಪತ್ರೆಯ ಆಡಳಿತ ಕಮಿಟಿಯವರು ಮಾತ್ರ, "ಇದೆಲ್ಲ ಇನ್ನು ಯಾಕೆ ಮಾರಾಯ್ರೇ, ಆಳುಗಳಿಲ್ಲವಾ?" ಎಂದು ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು.

ಹೀಗಿರುವಾಗ ಒಂದು ದಿನ ದಣಿಗಳನ್ನು ಕಾರಿನಲ್ಲಿ ತಂದರು. ತಿಂಗಳುಗಳ ಹಿಂದೆ ಹುಚ್ಚುನಾಯಿ ಕಚ್ಚಿತ್ತಂತೆ. ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಯಾರಿಗೆ ಬೇಕೆಂದು ಯಾವುದೋ ನಾಟಿ ಮದ್ದು ಕುಡಿದು ಸುಮ್ಮನಿದ್ದರು. ಈಗ ರೋಗ ಮಿದುಳಿಗೆ ಏರಿತ್ತು. ಇನ್ನು ಉಳಿಯುವುದಿಲ್ಲವೆಂದು ಡಾಕ್ಟರು ತಲೆಯಾಡಿಸಿದರು. ಕೊನೆಯ ಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ ಮಲಗಿಸಿದೆವು. ಗಾಳಿ ತಾಗಿದರೆ ಸಾಕು, ಗಂಟಲು ಸೆಟೆದುಕೊಳ್ಳುತ್ತಿತ್ತು. ನೀರು ಕಂಡರಂತೂ ಮಂಚವೇ ಅಲುಗಾಡುವ ಹಾಗೆ ಒದ್ದಾಡುತ್ತಿದ್ದರು.

ನಡುನಡುವೆ ಬುದ್ಧಿ ಚೆನ್ನಾಗಿಯೇ ಇರುತ್ತಿತ್ತು. ಅದೇ ಘೋರ. ನನ್ನನ್ನು ಕಂಡು, "ನೀನು ಭಟ್ರ ಮಗಳಲ್ಲವಾ?" ಎಂದರು.

"ಹೌದು."

"ಬಾಯಾರ್ತದೆ ಮಾರಾಯ್ತಿ. ಕುಡಿಯಲಿಕ್ಕೆ ಆಗುವುದಿಲ್ಲ."

ಹತ್ತಿ ಒದ್ದೆ ಮಾಡಿ ತುಟಿಯ ಹತ್ತಿರ ಒಯ್ದೆ. ಅಷ್ಟಕ್ಕೇ ಆ ಮನುಷ್ಯ ಚೀರಿದ ರೀತಿ ಇನ್ನೂ ನನ್ನ ಕಿವಿಯಲ್ಲಿದೆ. ಹಾಳಾಗಲಿ ಎಂದದ್ದು ನಾನೇ. ಆದರೆ ಇದನ್ನು ನಾನು ಕೇಳಿರಲಿಲ್ಲ ದೇವರೇ.

ಮರುದಿನ ಬೆಳಿಗ್ಗೆ ತೀರಿಕೊಂಡರು. ಹೊರಗೆ ಮಾವಿನ ಮರದಡಿಯಲ್ಲಿ ಕಾರುಗಳ ಸಾಲು, ಮಕ್ಕಳು, ಅಳಿಯಂದಿರು, ಹೋಟೆಲಿನ ಮ್ಯಾನೇಜರುಗಳು. ಒಬ್ಬರೂ ಕೋಣೆಯೊಳಗೆ ಕಾಲಿಡಲಿಲ್ಲ. ಮುಟ್ಟಿದರೆ ರೋಗ ಬರುತ್ತದೆಂಬ ಹೆದರಿಕೆ. ಕೈಗವಸು ಕೊಡುತ್ತೇವೆ ಎಂದರೂ ಹಿರಿಮಗ ಎರಡು ಹೆಜ್ಜೆ ಹಿಂದೆ ಸರಿದ. ನಮ್ಮ ಆಳುಗಳೂ ಮಾಯವಾಗಿದ್ದರು.

"ನಮ್ಮ ಕ್ರಮ ಯಾರೂ ಇಲ್ಲದವರಿಗೆ. ಇವರಿಗೆ ಅಂಗಳ ತುಂಬ ಜನ ಉಂಟಲ್ಲ! ಸುತ್ತಿ ಕಳುಹಿಸುವ," ಎಂದೆ ಮೇಟ್ರನ್‌ಗೆ. ಸಿಟ್ಟು ನೆತ್ತಿಗೇರಿತ್ತು. ಇವತ್ತು ಬಿಟ್ಟರೆ ಕ್ರಮ ಇಲ್ಲಿಗೇ ಮುಗಿಯುತ್ತದೆ, ಕಮಿಟಿಯವರಿಗೆ ಅಷ್ಟೇ ಸಾಕೆಂದು ಗೊತ್ತಿತ್ತು. ಆದರೂ ಹಾಗೆಂದೆ.

ಅವಳು ಕೋಣೆಯನ್ನೊಮ್ಮೆ ನೋಡಿದಳು. "ಅಂಗಳದಲ್ಲಿ ಉಂಟು. ಒಳಗೆ ಯಾರಿದ್ದಾರೆ?"

ನಾನು ಸೆರಗು ಸಿಕ್ಕಿಸಿಕೊಂಡೆ. ಕೈಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡೆ. ಅಡಿಗೆಮನೆಯಿಂದ ಬಿಸಿನೀರು ತರಿಸಿದೆ. ಯಾರೂ ಬಾಯಲ್ಲಿ ಹೇಳದ ಅವರ ಹೆಸರನ್ನು ಗಟ್ಟಿಯಾಗಿ ಹೇಳಿ, "ಈಗ ನೀರು ಹಾಕ್ತೇನೆ. ಇನ್ನು ಹೆದರಬೇಡಿ," ಎಂದೆ. ತಂಬಿಗೆ ಬಗ್ಗಿಸಿದೆ. ಹನಿ ನೀರಿಗೆ ಒದ್ದಾಡಿದ ಗಂಟಲ ಮೇಲೆ ನೀರು ಸುಮ್ಮನೆ ಇಳಿದುಹೋಯಿತು.

ಬಟ್ಟೆ ಉಡಿಸಿ ಹೊರಗೆ ಬಂದಾಗ ಹಿರಿಮಗ ನನ್ನನ್ನು ಬದಿಗೆ ಕರೆದ. ಏನೋ ಒಳ್ಳೆಯ ಮಾತು ಆಡುತ್ತಾನೆ ಎಂದುಕೊಂಡೆ. "ಇದು ಇಲ್ಲಿಗೇ ಇರಲಿ. ಸ್ನಾನ ಮಾಡಿಸಿದ್ದು ನಾವೇ ಅಂತ ಹೇಳ್ತೇವೆ. ನೀವು ಎಲ್ಲಿಯೂ ಬಾಯಿಬಿಡಬೇಡಿ, ಮರ್ಯಾದೆ ಪ್ರಶ್ನೆ," ಎಂದ. ಬೈಯಲು ಹೊರಟವಳು ಕೈಗವಸು ಕಳಚಿ ಕಸದ ಬುಟ್ಟಿಗೆ ಎಸೆದೆ. ಅಪ್ಪನ ಪೂಜೆಯ ಮಾತು ಅವನು ಎತ್ತಲಿಲ್ಲ, ಆ ಮನೆಯವರು ಮುಂದೆಯೂ ಎತ್ತಲಿಲ್ಲ.

ಮನೆಗೆ ಹೋದಾಗ ಅಪ್ಪ ಹಿತ್ತಲಿನಲ್ಲಿ ಹಂಡೆಯ ಬೆಂಕಿ ಕೆದಕುತ್ತಿದ್ದರು. ದಣಿಗಳು ಸತ್ತ ಸುದ್ದಿ ಉರ್ವ ಮಾರ್ಕೆಟಿನವರೆಗೂ ಬಂದಿತ್ತು. ನಾನು ಹಿತ್ತಲ ಬಾಗಿಲಿನಿಂದ ಬಂದದ್ದನ್ನು ನೋಡಿ, ದಣಿಗಳಿಗೆ ಸ್ನಾನ ಮಾಡಿಸಿದ್ದು ನಾನೇ ಎಂದು ಅಪ್ಪನಿಗೆ ಅರ್ಥವಾಯಿತು. ಅದುವರೆಗೆ ಯಾವ ಹೆಣದ ಬಗ್ಗೆಯೂ ನನ್ನನ್ನು ಏನೂ ಕೇಳದವರು ಆ ದಿನ ಕೇಳಿದರು:

"ನೀರು ಬಿಸಿ ಇತ್ತಾ ಮಗಾ?"

"ಇತ್ತು ಅಪ್ಪ."

"ಹಾಗಾದರೆ ಆಯ್ತು," ಎಂದು ಬಚ್ಚಲ ಮೆಟ್ಟಿಲಿನಲ್ಲಿ ಕುಳಿತು ಅಪ್ಪ ಅತ್ತರು. ಪೂಜೆ ತಪ್ಪಿದ ದಿನವೂ ಅವರು ಅತ್ತಿರಲಿಲ್ಲ.