ನನ್ನ ಪೈಲಟ್ ಮೊಮ್ಮಗಳು ಹಾರಲೊಲ್ಲೆ ಅಂದಳು

ವಿಮಾನ ಹಾರಿಸುವವರ ಮುಖಕ್ಕೆ ಭಂಡಾರ ಎರಚಬಾರದು. ಇದು ನನಗೆ ಕಳೆದ ವಾರ ತಿಳಿಯಿತು. ನಿಮಗೆ ಮೊದಲೇ ಗೊತ್ತಿತ್ತಾ?

ನನ್ನ ಮಗನ ಮಗಳು ರೇಣುಕಾ ಪೈಲಟ್ ಆಗಿದ್ದಾಳೆ. (ಹೌದು, ಮತ್ತೆ ಅದೇ ಸುದ್ದಿ. ಎಷ್ಟು ಹೇಳಿದರೂ ನನಗೆ ಸಾಕಾಗುವುದಿಲ್ಲ, ಸಹಿಸಿಕೊಳ್ಳಿ.) ಕುರಿ ಮೇಯಿಸಿದ ಮನೆತನದ ಹುಡುಗಿ ಈಗ ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ರಜೆಗೆ ಬಂದವಳಿಗೆ ಮಾನ್ವಿಯಲ್ಲಿ ಅವಳ ಸೋದರಮಾವ ಬೀರಪ್ಪ ಡೊಳ್ಳು ಬಾರಿಸಿ ಮೆರವಣಿಗೆ ಮಾಡಿಸಿದ. ನಮಗೆ ಖುಷಿಯಾದರೆ ಅರಿಶಿನದ ಭಂಡಾರ ಹಾರಿಸುತ್ತೇವೆ. ಅಂದು ಎಷ್ಟು ಹಾರಿಸಿದೆವೆಂದರೆ ಹುಡುಗಿಯ ಮುಖ ಮಾಯವಾಗಿ ಬರೀ ಕಣ್ಣು ಉಳಿದವು. ಎಲ್ಲರಿಗಿಂತ ಹೆಚ್ಚು ಎರಚಿದವಳು ನಾನೇ!

ಮರುದಿನ ರಾಯಚೂರಿನ ನಮ್ಮ ಮನೆಯಲ್ಲಿ ಎದ್ದಾಗ ಅವಳ ಮೂಗು ಕಟ್ಟಿತ್ತು, ಕಿವಿ ಗುಂಯ್ ಅನ್ನುತ್ತಿತ್ತು. ಅದರ ಮಾರನೆಯ ದಿನವೇ ಹೈದರಾಬಾದಿನಿಂದ ತಿರುಪತಿಗೆ ಅವಳ ಡ್ಯೂಟಿ. ಅದೇ ವಿಮಾನಕ್ಕೆ ಬೀರಪ್ಪ ಮಾನ್ವಿ, ದೇವದುರ್ಗದ ಬೀಗರಿಗೆಲ್ಲ, ಜೊತೆಗೆ ನನಗೂ ಟಿಕೆಟ್ ಮಾಡಿಸಿದ್ದ.

ರೇಣುಕಾ ಆಫೀಸಿಗೆ ಫೋನ್ ಹಚ್ಚಿ, ನಾಳೆ ಹಾರಲಾರೆ ಎಂದಳು. ಆ ಕಡೆಯ ಸಾಹೇಬರು ಬಿಡಲೊಲ್ಲರು. ನೆಗಡಿಗೆಲ್ಲ ರಜೆಯೇ? ಮಂದಿ ಕಮ್ಮಿ ಇದ್ದಾರೆ, ಹೊಸಬಳು ನೀನು, ಹೆಸರು ಕೆಡಿಸಿಕೊಳ್ಳಬೇಡ, ಗುಳಿಗೆ ನುಂಗಿ ಬಾ.

"ಆ ಗುಳಿಗೆಗೆ ನಿದ್ದೆ ಬರುತ್ತೆ ಸರ್" ಎಂದಳು. ಯೋಚನೆ ಮಾಡಿ ಹೇಳು ಎಂದು ಫೋನ್ ಇಟ್ಟರು.

ಅಲ್ಲೇ ಕೂತಿದ್ದ ಬೀರಪ್ಪ ಶುರು ಹಚ್ಚಿಕೊಂಡ.

"ಏನ್ ಬೇ, ನೀ ಹಾರಸ್ತಿ ಅಂತ ಇಷ್ಟು ಮಂದಿ ಹೊಂಟೀವಿ. ಒಂದು ಮೂಗಿನ ಸಲುವಾಗಿ ನಮ್ಮ ಮಾನ ಕಳೀತಿ?"

"ಮೂಗಲ್ಲ ಮಾವ, ಕಿವಿ. ಮೂಗು ಕಟ್ಟಿದ್ರ ವಿಮಾನ ಇಳಿಯಾಗ ಕಿವಿ ಒಡದಂಗ ನೋವಾಗ್ತದ, ತಲಿ ತಿರಗ್ತದ. ನಮ್ಮ ಕೆಲಸ ಇರೋದ ಅವಾಗ."

"ಬಾಜೂಕ ಕ್ಯಾಪ್ಟನ್ ಇರ್ತಾನಲ್ಲ!"

"ಒಬ್ಬರು ಸಾಕಿದ್ರ ಇಬ್ಬರನ್ನ ಯಾಕ ಕೂಡಸ್ತಿದ್ರು?"

ಬೀರಪ್ಪ ನನ್ನ ಕಡೆ ತಿರುಗಿದ. "ಅತ್ತಿ, ನೀವರ ಹೇಳ್ರಿ."

ನನ್ನ ಹೊಸ ಸೀರೆ ಆಗಲೇ ಬ್ಯಾಗು ಸೇರಿತ್ತು. ಹೇಳಿಯೇಬಿಟ್ಟೆ: "ಅಜವಾನದ ಹೊಗಿ ಕೊಡ್ತೀನಿ, ಬೆಳಗಾಗೂದ್ರಾಗ ಇಳೀತದ. ಹೋಗಿ ಬಾರವ್ವಾ."

ಹುಡುಗಿಯ ಕಣ್ಣಲ್ಲಿ ನೀರು. "ಆಯಿ, ಅಲ್ಲಿ ಆಫೀಸು, ಇಲ್ಲಿ ನೀವು. ಹೂಂ ಅಂದ್ರ ಎಲ್ಲಾರೂ ಖುಷಿ. ಆದ್ರ ಹಿಂದ ಕುಂತೋರಾಗ ನೀನೂ ಇರ್ತಿ."

ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನ್ನ ತಲೆಗೂ ಆ ಮಾತು ಇಳಿಯಿತು. ವಿಮಾನ ಇಳಿಸುವುದೇ ದೊಡ್ಡ ಕಷ್ಟ ಅಂದುಕೊಂಡಿದ್ದೆ. ಸಾಹೇಬರಿಗೆ, ಮಾವನಿಗೆ, ಆಯಿಗೆ ಒಟ್ಟಿಗೆ 'ಒಲ್ಲೆ' ಅನ್ನುವುದು ಅದಕ್ಕಿಂತ ಕಷ್ಟವಲ್ಲವೇ? ನಾವು ಹೆಣ್ಣುಮಕ್ಕಳಿಗೆ ಹೂಂ ಅನ್ನುವುದನ್ನಷ್ಟೇ ಕಲಿಸಿದವರು. ಇವಳು ಎಲ್ಲಿ ಕಲಿತಳೋ!

"ಬ್ಯಾಡ ಬಿಡವ್ವಾ" ಎಂದೆ. ಅವಳು ಮತ್ತೆ ಫೋನ್ ಮಾಡಿ ಅದನ್ನೇ ಹೇಳಿದಳು. ಸಾಹೇಬರು ಗೊಣಗಿಕೊಂಡು ಬೇರೆ ಪೈಲಟ್‌ನನ್ನು ಹಾಕಿದರು. ಬೀಗರು ಹೋದರು. ನಾನು ಮೊಮ್ಮಗಳ ಜೊತೆ ಮೆಣಸಿನ ಸಾರು ಕುಡಿಯುತ್ತ ಮನೆಯಲ್ಲೇ ಉಳಿದೆ. ತಿರುಪತಿಯಿಂದ ಬೀರಪ್ಪನ ಫೋನ್: "ಅತ್ತಿ, ಇಳಿಯಾಗ ನನ್ನ ಕಿವಿನೂ ಗುಮ್ ಅಂತ ಮುಚ್ಚಿದ್ವು. ಹುಡುಗಿ ಹೇಳಿದ್ದು ಖರೇ ರೀ!"

ಇಷ್ಟು ದಿನ ಮೊಮ್ಮಗಳು ವಿಮಾನ ಹಾರಿಸುತ್ತಾಳೆ ಎಂದು ಊರೆಲ್ಲ ಹೇಳುತ್ತಿದ್ದೆ. ಈಗ ಒಂದು ದಿನ ಹಾರಿಸಲಿಲ್ಲ ಎಂದೂ ಹೇಳುತ್ತಿದ್ದೇನೆ, ಇನ್ನೂ ಜೋರಾಗಿ.

ನಾಳೆ ನೀವು ಹತ್ತಿದ ಕವಿತಾಳದ ಬಸ್ಸಿನ ಡ್ರೈವರ್, "ಕಣ್ಣು ಎಳ್ಯಾಕತ್ತಾವ್ರೀ, ಇವತ್ತು ನಾ ಒಲ್ಲೆ" ಅಂದರೆ, ನೀವು ಚಪ್ಪಾಳೆ ತಟ್ಟುತ್ತೀರೋ, ಬೈಯುತ್ತೀರೋ?