ಏಳು ನಾಲಿಗೆಯ ಅಡುಗೆ

ಶೇಂಗಾ ಹುರಿಯುವಾಗ ಆಯಿ ತಮ್ಮ ಎಡಗಿವಿಯನ್ನು ಬಾಣಲೆಯ ಹತ್ತಿರಕ್ಕೆ ಒಯ್ಯುತ್ತಿದ್ದರು. ಎಷ್ಟು ಹತ್ತಿರವೆಂದರೆ, ಕಿವಿಯ ಬೆಂಡೋಲೆ ಕಾದು, ನಡುನಡುವೆ ಸೆರಗಿನ ತುದಿಯಿಂದ ಅದನ್ನು ಹಿಡಿದು ಆರಿಸಿಕೊಳ್ಳಬೇಕಾಗುತ್ತಿತ್ತು. ಬೇರೆ ಹೆಂಗಸರು ಶೇಂಗಾ ಹದಕ್ಕೆ ಬಂತೋ ಇಲ್ಲವೋ ಎಂದು ವಾಸನೆಯಿಂದ ತಿಳಿಯುತ್ತಾರೆ, ಒಂದು ಕಾಳು ಬಾಯಿಗೆ ಹಾಕಿಯೂ ನೋಡುತ್ತಾರೆ. ಆಯಿ ಕೇಳುತ್ತಿದ್ದರು.

"ಚಟಚಟ ಅನ್ನೂದು ನಿಂತು ಸಣ್ಣಗ ಚಿಟಿಚಿಟಿ ಅನ್ನಾಕ ಹತ್ತಿತಂದ್ರ ಇಳಸಬೇಕು. ಯಾರಿಗೆ ಮೊದಲ ಕೇಳಸ್ತೈತಿ ನೋಡೋಣು," ಎನ್ನುತ್ತಿದ್ದರು. ಸುತ್ತ ಕುಳಿತ ಏಳು ಮಕ್ಕಳೂ ಉಸಿರು ಬಿಗಿಹಿಡಿದು ಬಾಣಲೆಯ ಕಡೆಗೆ ಕಿವಿ ಚಾಚುತ್ತಿದ್ದವು.

ಅವರು ನಮಗೆ ಸಂಬಂಧಿಕರಲ್ಲ. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಎದುರು ಮನೆಯವರು. ಓಣಿಯ ಮಕ್ಕಳಿಗೆಲ್ಲ ಅಜ್ಜಿ, ಹಾಗಾಗಿ ನಮಗೂ ಆಯಿ. ತವರು ತಿಕೋಟಾ, ಪ್ರತಿ ವರ್ಷ ಅಲ್ಲಿಂದ ತಮ್ಮ ಕಳಿಸುತ್ತಿದ್ದ ಮನೂಕದ, ಎಂದರೆ ಒಣದ್ರಾಕ್ಷಿಯ, ಡಬ್ಬಿ ಅವರ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ದೇವರ ಹಾಗೆ ಕುಳಿತಿರುತ್ತಿತ್ತು. ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಮಕ್ಕಳ ದರ್ಬಾರು. ಒಂದು ವಾರ ಜೋಳದ ಅರಳು, ಬೆಲ್ಲ, ಶೇಂಗಾ, ಮನೂಕ ಸೇರಿಸಿದ ಉಂಡೆ. ಇನ್ನೊಂದು ವಾರ ಜೋಳದ ಹಿಟ್ಟಿಗೆ ಮೆಂತ್ಯಸೊಪ್ಪು ಹೆಚ್ಚಿಹಾಕಿ ತಟ್ಟಿದ ವಡೆ.

ನನ್ನ ಮಗಳಿಗೆ ಆಗ ಏಳು ವರ್ಷ. ಮೂಲೆಯ ಅಂಗಡಿಯಲ್ಲಿ ತೂಗುಹಾಕಿದ ಬಣ್ಣದ ಪ್ಯಾಕೆಟ್ಟುಗಳನ್ನು ಬಿಟ್ಟರೆ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಬೈದು, ಮುದ್ದಿಸಿ, ಎರಡೂ ಸಾಕಾಗಿ ನಾನು ಬಾಗಿಲಲ್ಲಿ ಕುಳಿತಿದ್ದ ಒಂದು ಭಾನುವಾರ ಆಯಿ ಕಟ್ಟೆಯ ಮೇಲಿಂದ ಅವಳನ್ನು ಕೂಗಿದರು: "ಕೈ ತೊಳಕೊಂಡು ಬಾರಬೇ, ಉಂಡಿ ಕಟ್ಟಾಕ ನನಗ ಒಂದು ಕೈ ಕಮ್ಮಿ ಬಿದ್ದೈತಿ."

ತಿನ್ನಲು ಬಾ ಎನ್ನಲಿಲ್ಲ. ಹುಡುಗಿ ಹೋದಳು, ಮಧ್ಯಾಹ್ನ ಎರಡು ಉಂಡೆ ತಿಂದು, ಮೂರನೆಯದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಳು.

ಈ ಮುದುಕಿ ಏನು ಮಾಡಿದರು ಎಂಬ ಕುತೂಹಲ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಮುಂದಿನ ವಾರದಿಂದ ಸೊಪ್ಪು ಸೋಸುವ ನೆಪದಲ್ಲಿ ಅವರ ಹೊಸ್ತಿಲ ಬಳಿ ಕುಳಿತೆ. ಉಂಡೆ ಕಟ್ಟಿದ ಮೇಲೆ ಪ್ರತಿ ಮಗುವೂ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಬೇಕು. ಆಗ ಆಯಿ ಕೇಳುತ್ತಿದ್ದರು: "ನಾಲಿಗಿ ಏನಂತೈತಿ?"

"ಚಲೋ ಐತಿ, ಆಯಿ."

"ಚಲೋ ಅಂದ್ರ ಏನಪಾ? ನಿಮ್ಮ ಎಮ್ಮಿನೂ ಚಲೋ ಐತಿ, ನಿಮ್ಮ ಸಾಲಿ ಮಾಸ್ತರನೂ ಚಲೋ ಅದಾನ. ಅವರನ್ನ ತಿಂತಿ ಏನು? ರುಚಿ ಹೇಳು."

ಆ ಮನೆಯಲ್ಲಿ 'ಚಲೋ' ಎಂಬ ಮಾತಿಗೆ ಬೆಲೆ ಇರಲಿಲ್ಲ. ಹಾಗಾಗಿ ಮಕ್ಕಳು ಮಾತು ಹುಡುಕುತ್ತಿದ್ದವು. ವಡೆ ತಿಂದವನೊಬ್ಬ, "ಮೊದಲ ಮೆಂತ್ಯೆ ಬಂದು ಕಹಿ ಮಾರಿ ಮಾಡತು, ಹಿಂದಿಂದ ಖಾರ ಬಂದು ಅದನ್ನ ಬಡದು ಓಡಿಸ್ತು," ಎಂದ. ನನ್ನ ಮಗಳು ಮನೂಕ ಕಡಿದು, "ಸುಮ್ನ ಕುಂತಿತ್ತು, ಕಡದ ಕೂಡ್ಲೇ ನಕ್ಕತು," ಎಂದಳು. ಆಯಿ ಕೈಯಲ್ಲಿದ್ದ ಉಂಡೆಯನ್ನು ಕೆಳಗಿಟ್ಟು, "ಇನ್ನೊಮ್ಮೆ ಹೇಳು," ಎಂದರು.

ಆದರೆ ಅವರು ಮಾತ್ರ ಒಂದು ಚೂರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಎಡೆ ತೋರಿಸುವ ಮೊದಲು ಅಡುಗೆಯ ಉಪ್ಪು ನೋಡಬಾರದು ಎಂಬ ರೂಢಿ ನಮ್ಮಲ್ಲಿದೆ. "ಆಯೀದು ಕಡಕ್ ಮಡಿ," ಎಂದು ಓಣಿಯ ಹೆಂಗಸರೆಲ್ಲ ಹೊಗಳುತ್ತಿದ್ದರು. ಭಾನುವಾರದ ವಡೆಗೆ ಯಾವ ದೇವರ ಎಡೆ ಎಂಬ ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ಮನೂಕದ ಹಾಗೆ ನನ್ನಲ್ಲಿ ಉಳಿದಿತ್ತು.

ಆ ಪ್ರಶ್ನೆಯನ್ನು ಬಿಡಿಸಿದ್ದು ನನ್ನ ಮಗಳು ಮಾಡಿದ ಒಂದು ತಪ್ಪು. ಒಂದು ದಿನ ನಾನು ಮನೆಯಲ್ಲಿಲ್ಲದಾಗ ಅವಳೊಬ್ಬಳೇ ಪುಠಾಣಿ, ಅಂದರೆ ಹುರಿಗಡಲೆ, ಹಿಟ್ಟಿನ ಉಂಡೆ ಕಟ್ಟಿ, ಮೊದಲನೆಯದನ್ನು ಆಯಿಗೆ ಕೊಟ್ಟು ಬಂದಿದ್ದಳು. "ಆಯಿ ಪೂರಾ ತಿಂದ್ಲು. ಭಾಳ ಚಲೋ ಆಗೇತಿ ಅಂದ್ಲು," ಎಂದು ಕುಣಿದಳು. ನಾನು ಒಂದು ಉಂಡೆ ಬಾಯಿಗಿಟ್ಟು ಹಿತ್ತಲಿಗೆ ಓಡಿದೆ. ಪುಡಿ ಸಕ್ಕರೆಯ ಬದಲು ಪುಡಿ ಉಪ್ಪನ್ನು ಸುರಿದಿದ್ದಳು.

ಉಪ್ಪಿನ ಉಂಡೆ ತಿನ್ನಬಹುದು, ಮಗುವಿನ ಮನಸ್ಸು ನೋಯಬಾರದೆಂದು. ಆದರೆ ಆಯಿ 'ಚಲೋ' ಎಂದಿದ್ದರು. ಅದು ನನಗೆ ಅರ್ಥವಾಗಲಿಲ್ಲ. ಒಂದು ತಂಬಿಗೆ ಮಜ್ಜಿಗೆ ತೆಗೆದುಕೊಂಡು ಹೋದೆ.

"ಆಯಿ, ಉಂಡಿ ಹೆಂಗಿತ್ರಿ?"

ಅವರು ನನ್ನ ಮುಖ ನೋಡಿದರು, ತಂಬಿಗೆ ನೋಡಿದರು. "ಏನ್ ಹಾಕಿದ್ಲು?"

"ಉಪ್ಪು."

ತಂಬಿಗೆ ತೆಗೆದು ಪಕ್ಕಕ್ಕಿಟ್ಟರು. "ಆ ದೊಡ್ಡ ರೋಗದಾಗ ನನಗೂ ಜ್ವರ ಬಂದಿತ್ತಲ್ಲ ಬೇ. ಜ್ವರ ಹೋತು. ಹೋಗುವಾಗ ವಾಸನಿ, ರುಚಿ ಎರಡೂ ಗಂಟು ಕಟಗೊಂಡು ಹೋತು. ಡಾಕ್ಟರ್ ಬರತೈತಿ ಅಂದ್ರು. ಇನ್ನೂ ದಾರ್ಯಾಗ ಐತಿ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಯಾರ ಮುಂದೂ ಅನಬ್ಯಾಡ. ಹಳಸಿದ್ದು ತಿಳಿಯಲಾರದ ಮುದುಕಿ ಹಂತೇಕ ಯಾವ ತಾಯಿ ತನ್ನ ಕೂಸಿನ ಕಳಸ್ತಾಳು? ಭಾನುವಾರ ಹೋತಂದ್ರ ನನಗ ಮತ್ತೇನೂ ಉಳ್ಯಂಗಿಲ್ಲ."

"ಮತ್ತ ಹೆಂಗ ಮಾಡ್ತೀರಿ?"

"ಕಿವಿ ಐತಿ, ಕೈ ಐತಿ. ಏಳು ನಾಲಿಗಿ ಅದಾವ. ಮನೂಕ ನಕ್ಕತು ಅಂದ್ಲಲ್ಲ ನಿನ್ನ ಮಗಳು, ಅವತ್ತ ತವರುಮನಿ ಮನೂಕ ನಾನೂ ತಿಂದೆ."

ನಾನು ಯಾರಿಗೂ ಹೇಳಲಿಲ್ಲ. ಮಗಳಿಗೆ ಉಪ್ಪಿನ ವಿಷಯವನ್ನಷ್ಟೇ ಹೇಳಿದೆ. ಅಂದಿನಿಂದ ಹಾಲು, ಹಿಟ್ಟು, ಎಣ್ಣೆಯ ವಾಸನೆ ನೋಡುವ ಕೆಲಸ ನನ್ನದಾಯಿತು. ಭಾನುವಾರ ನಿಲ್ಲಲಿಲ್ಲ.

ಹೋದ ಚಳಿಗಾಲದಲ್ಲಿ ಆಯಿ ನಾಲ್ಕು ದಿನ ಮಲಗಿ ಹೋಗಿಬಿಟ್ಟರು. ಹನ್ನೊಂದನೆಯ ದಿನ ಅವರ ಫೋಟೋದ ಮುಂದೆ ಎಡೆ ಇಡಬೇಕಿತ್ತು. ಬಬಲೇಶ್ವರದ ಮಗಳು ಹೋಳಿಗೆ, ಕಡುಬು ಮಾಡಿದ್ದಳು. ಮಕ್ಕಳು ಅರಳಿನ ಉಂಡೆ ಕಟ್ಟಿ ತಂದವು. ಹನ್ನೊಂದು ವರ್ಷ ತುಂಬಿದ ನನ್ನ ಮಗಳು ಉಂಡೆಯ ತಟ್ಟೆಯನ್ನು ಎಡೆಯ ಪಕ್ಕಕ್ಕಿಟ್ಟವಳು, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಏ ಹುಡುಗಿ, ಎಡಿ ಎಂಜಲ ಮಾಡ್ತಿ ಏನು?" ಎಂದು ಹಿರಿಯರೊಬ್ಬರು ಗದರಿದರು. ನಾನು ಅವಳ ತೋಳು ಹಿಡಿಯಲು ಹೋದೆ.

"ರುಚಿ ಹೇಳದಿದ್ರ ಆಯಿಗೆ ಹೆಂಗ ಗೊತ್ತಾಕ್ಕೈತಿ?" ಎಂದಳು.

ಇವಳಿಗೆ ಯಾವಾಗಿನಿಂದ ತಿಳಿದಿತ್ತು? ಉಪ್ಪಿನ ಉಂಡೆಯ ದಿನದಿಂದಲೇ ಇರಬೇಕು. ಅವಳೂ ಯಾರಿಗೂ ಹೇಳಿರಲಿಲ್ಲ, ನನಗೂ.

"ಬಿಡ್ರಿ, ಆಯಿ ಹಿಂಗ ಉಣ್ಣತಿದ್ರು," ಎಂದೆ.

ಅವಳು ಫೋಟೋದ ಮುಂದೆ ಕುಳಿತು ಕಣ್ಣು ಮುಚ್ಚಿದಳು. "ಅರಳು ಗರಿಗರಿ ಅದಾವ, ಆಯಿ. ಬೆಲ್ಲ ಸ್ವಲ್ಪ ಅವಸರ ಮಾಡೈತಿ. ಶೇಂಗಾ ಒಂದೀಟು ಹೆಚ್ಚು ಹುರದೇವಿ, ಚಿಟಿಚಿಟಿ ಯಾರಿಗೂ ಕೇಳಸಲಿಲ್ಲ, ಎಲ್ಲಾರೂ ಅಳಾಕತ್ತಿದ್ದರು." ನಿಧಾನವಾಗಿ ಅಗಿದಳು. "ಮನೂಕ ಈಗ ಬಂತು. ತಡಿ, ಹೇಳ್ತೀನಿ."